ಮುಟ್ಟು ತಡವಾದಾಗ: ಗರ್ಭದ ಸಂಭವ ಮತ್ತು ಪರೀಕ್ಷೆಯ ದಿನ

ಗರ್ಭ ನಿಲ್ಲಬೇಕಾದರೆ ಮೂರು ಸಂಗತಿಗಳು ಒಂದರ ಹಿಂದೊಂದು ನಡೆಯಬೇಕು. ಅಂಡಾಶಯದಿಂದ ಅಂಡಾಣು ಹೊರಬರಬೇಕು. ಅದಕ್ಕೆ ಜೀವ ಇರುವಾಗಲೇ ಗರ್ಭನಾಳದಲ್ಲಿ ವೀರ್ಯಾಣು ಬಂದು ಸೇರಬೇಕು. ಹಾಗೆ ಫಲಗೊಂಡ ಅಂಡ ಕೆಲವು ದಿನ ಮೆಲ್ಲಗೆ ಸಾಗಿ ಗರ್ಭಕೋಶದ ಒಳಪದರಕ್ಕೆ ಕಚ್ಚಿಕೊಳ್ಳಬೇಕು. ಹೊರಬಂದ ಅಂಡಾಣು ಬದುಕಿರುವುದು 12ರಿಂದ 24 ಗಂಟೆ ಮಾತ್ರ. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಕಾದಿರಬಲ್ಲದು. ಹೀಗಾಗಿ ಒಂದು ಮುಟ್ಟಿನಿಂದ ಇನ್ನೊಂದು ಮುಟ್ಟಿನ ನಡುವೆ ಗರ್ಭಕ್ಕೆ ಎಡೆಯಿರುವ ದಿನಗಳು ಆರು: ಅಂಡಾಣು ಬಿಡುಗಡೆಯಾಗುವ ದಿನ, ಅದರ ಹಿಂದಿನ ಐದು ದಿನ.

ಈ ಆರು ದಿನಗಳ ಲೆಕ್ಕ ಖಚಿತವಾದದ್ದು 1995ರಲ್ಲಿ. ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು, ಮಗು ಬೇಕೆಂದಿದ್ದ 221 ಹೆಂಗಸರ ಮೂತ್ರವನ್ನು ದಿನವೂ ಪರೀಕ್ಷಿಸಿ ಅದನ್ನು ಕಂಡುಕೊಂಡರು. ಅಂಡಾಣು ಬಿಡುಗಡೆಗೆ ಐದು ದಿನ ಮೊದಲು ಕೂಡಿದರೆ ಗರ್ಭ ನಿಲ್ಲುವ ಸಂಭವ ನೂರಕ್ಕೆ 10ರಷ್ಟು. ಬಿಡುಗಡೆಯ ದಿನಕ್ಕೆ ಹತ್ತಿರವಾದಂತೆ ಅದು ನೂರಕ್ಕೆ 33ರವರೆಗೆ ಏರುತ್ತದೆ. ತಿಂಗಳ ಯಾವುದೋ ಒಂದು ದಿನ, ಲೆಕ್ಕವಿಲ್ಲದೆ, ಒಮ್ಮೆ ಕೂಡಿದಾಗ ಸರಾಸರಿ ಸಂಭವ ನೂರಕ್ಕೆ 3ರಷ್ಟು. ಸಂಖ್ಯೆ ಚಿಕ್ಕದು ಎನ್ನಿಸಬಹುದು. ಆದರೆ ಯಾವ ತಡೆಯೂ ಇಲ್ಲದೆ ವರ್ಷವಿಡೀ ಕೂಡಿ ಬಾಳುವ ನೂರು ಜೋಡಿಗಳಲ್ಲಿ ಸುಮಾರು 85ರಲ್ಲಿ ಆ ವರ್ಷದೊಳಗೇ ಬಸುರಾಗುತ್ತದೆ.

ಹಾಸನದ ಪೇಟೆಯಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಾಗಲಿ, ಮುಟ್ಟು ನಾಲ್ಕು ದಿನ ತಡವಾದ ಹೆಣ್ಣಿನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಗರ್ಭ ನಿಂತಿರಬಹುದೇ? ಅದು ಖಚಿತವಾಗಿ ಗೊತ್ತಾಗುವುದು ಯಾವತ್ತು? ಇವೆರಡನ್ನೂ ಬಿಡಿಸಿ ನೋಡಬೇಕು. ಮೊದಲನೆಯದಕ್ಕೆ ಲೆಕ್ಕ ಮುಂದಿನ ಮುಟ್ಟಿನಿಂದ ಹಿಂದಕ್ಕೆ ಹೋಗುತ್ತದೆ. ಎರಡನೆಯದಕ್ಕೆ, ಕೂಡಿದ ದಿನದಿಂದ ಮುಂದಕ್ಕೆ. ಇವು ಕಲಸಿಹೋದಾಗಲೇ ಜನ ತಪ್ಪು ದಿನ ಪರೀಕ್ಷೆ ಮಾಡಿಕೊಂಡು, ಬಂದ ಒಂದು ಗೆರೆಯನ್ನು ನಂಬಿ, ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ.

ಹಿಂದಕ್ಕೆ ಎಣಿಸುವುದೇಕೆಂದರೆ, ಅಂಡಾಣು ಬಿಡುಗಡೆಯಾದ ಮೇಲೆ ಮುಟ್ಟು ಬರುವವರೆಗಿನ ಅವಧಿ ಒಬ್ಬೊಬ್ಬರಲ್ಲಿ ಹೆಚ್ಚು ಬದಲಾಗದು. ಸಾಮಾನ್ಯವಾಗಿ 12ರಿಂದ 14 ದಿನ. ಹಿಗ್ಗುವುದು ಕುಗ್ಗುವುದು ಅದಕ್ಕೆ ಮೊದಲಿನ ಅವಧಿ. ಗಾರ್ಮೆಂಟ್ಸ್ ಕೆಲಸಕ್ಕೆ ನಸುಕಿನಲ್ಲೇ ಎದ್ದು ಬಸ್ ಹಿಡಿಯುವ ದಿನಚರಿ, ಜ್ವರ, ಪರೀಕ್ಷೆಯ ಭಯ, ಮನೆಯಲ್ಲಿ ಸಾವುನೋವು, ಮೈತೂಕದ ಏರಿಳಿತ ಇವೆಲ್ಲ ಅಂಡಾಣುವಿನ ಬಿಡುಗಡೆಯನ್ನೇ ವಾರ ಮುಂದಕ್ಕೆ ತಳ್ಳಬಲ್ಲವು. ಆಗ ಮುಟ್ಟೂ ಅಷ್ಟೇ ತಡವಾಗುತ್ತದೆ. ‘ಹದಿನಾಲ್ಕನೇ ದಿನವೇ ಅಪಾಯದ ದಿನ’ ಎಂಬ ಪಾಠ ಶಾಲೆಯಿಂದ ಮೊಬೈಲಿನವರೆಗೆ ಹಬ್ಬಿದ್ದರೂ ಅದು ಸರಿಯಾಗಿ ಹೊಂದುವುದು 28 ದಿನದ ಚಕ್ರಕ್ಕೆ ಮಾತ್ರ. ಆರು ಲಕ್ಷಕ್ಕೂ ಹೆಚ್ಚು ಚಕ್ರಗಳನ್ನು ಲೆಕ್ಕಕ್ಕೆ ತೆಗೆದುಕೊಂಡ 2019ರ ಒಂದು ಅಧ್ಯಯನದಲ್ಲಿ ಸರಿಯಾಗಿ 28 ದಿನಕ್ಕೆ ಮುಗಿದ ಚಕ್ರಗಳು ನೂರಕ್ಕೆ 13ರಷ್ಟೇ ಇದ್ದವು.

ಒಂದು ಉದಾಹರಣೆಯಲ್ಲಿ ಇದು ಸ್ಪಷ್ಟವಾಗುತ್ತದೆ. ಮೂವತ್ತು ದಿನಕ್ಕೊಮ್ಮೆ ಮುಟ್ಟಾಗುವ ಹೆಂಗಸೊಬ್ಬಳಿಗೆ ಜೂನ್ 3ರಂದು ಮುಟ್ಟಾಯಿತು ಎಂದಿಟ್ಟುಕೊಳ್ಳಬಹುದು. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಸುತ್ತು ಬಿದ್ದಿದ್ದರೆ ಮುಂದಿನ ಲೆಕ್ಕವೆಲ್ಲ ಸಲೀಸು. ಮುಂದಿನ ಮುಟ್ಟು ಜುಲೈ 3ಕ್ಕೆ. ಅದರಿಂದ 14 ದಿನ ಹಿಂದೆ ಹೋದರೆ ಜೂನ್ 19. ಅಂಡಾಣು ಬಿಡುಗಡೆಯಾಗುವ ಅಂದಾಜು ದಿನ ಅದು. ಗರ್ಭಕ್ಕೆ ಎಡೆಯಿರುವ ದಿನಗಳು ಜೂನ್ 14ರಿಂದ 19. ಆಕೆ ಜೂನ್ 18ರಂದು ಗಂಡನನ್ನು ಕೂಡಿದ್ದರೆ ಸಂಭವ ಹೆಚ್ಚು. 5ರಂದು ಕೂಡಿದ್ದರೆ ತೀರಾ ಕಡಿಮೆ. ಆದರೆ 23 ದಿನಕ್ಕೇ ಮುಟ್ಟಾಗುವವಳಿಗೆ ಅಂಡಾಣು 9ನೇ ದಿನದ ಸುಮಾರಿಗೇ ಹೊರಬರುತ್ತದೆ. ಮುಟ್ಟಿನ ಐದನೇ ದಿನ ಕೂಡಿದರೂ ಆಕೆಗೆ ಗರ್ಭ ನಿಂತೀತು.

ಈ ದಿನಗಣನೆಯನ್ನು ಗರ್ಭತಡೆಯ ಉಪಾಯವಾಗಿ ಜನರ ಕೈಗೆ ಕೊಟ್ಟ ಪ್ರಯೋಗವೊಂದು ನಡೆದದ್ದು ಕರ್ನಾಟಕದಲ್ಲೇ. ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಮೊದಲಿನಿಂದ ಮುಂದಿತ್ತು. 1930ರಲ್ಲೇ ಸರ್ಕಾರಿ ಸಂತತಿ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶ ಹೊರಡಿಸಿತ್ತು. ಸರ್ಕಾರವೊಂದು ನಡೆಸಿದ ಇಂಥ ಕೇಂದ್ರಗಳಲ್ಲಿ ಅವು ಜಗತ್ತಿಗೇ ಮೊದಲು ಎಂದು ಹೆಸರಾದವು. ಹಾಸನ ಆಗ ಆ ಸಂಸ್ಥಾನದ ಒಂದು ಜಿಲ್ಲೆ. ಸ್ವಾತಂತ್ರ್ಯದ ನಂತರ, ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಭಾರತಕ್ಕೆ ಕಳಿಸಿತು. 1952ರ ಹೊತ್ತಿಗೆ ದೆಹಲಿಯ ಲೋಧಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರ ಎರಡೇ ಕಡೆ ‘ಸುರಕ್ಷಿತ ದಿನ’ಗಳ ಪ್ರಯೋಗ ಶುರುವಾಯಿತು. ಓದುಬರಹ ಬಾರದವರಿಗೂ ಅನುಕೂಲವಾಗಲೆಂದು ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸುತ್ತ ಹೋಗಬೇಕು. ಇಂಥ ಬಣ್ಣ ಬಂದರೆ ದೂರವಿರಬೇಕು. ಕಲಿಯಲು ಒಪ್ಪಿದವರು ಅನೇಕರಿದ್ದರು, ಕೊನೆಯವರೆಗೆ ಪಾಲಿಸಿದವರು ಕೆಲವರೇ. ಸೋಲಿಗೆ ಹೆಂಗಸರ ಅಜ್ಞಾನ ಕಾರಣವೆಂದು ಹೇಳಿಬಿಡುವುದು ಅನ್ಯಾಯ. ಮಣಿ ಸರಿಸುವುದು ಅವಳ ಕೈಯಲ್ಲಿತ್ತು; ದೂರವಿರುವ ತೀರ್ಮಾನ ಅವಳೊಬ್ಬಳ ಕೈಯಲ್ಲಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಣಿಗಳ ಸಂಖ್ಯೆ ನಿಗದಿಯಾಗಿತ್ತು. ದೇಹದ ಲೆಕ್ಕ ನಿಗದಿಯಾಗಿರಲಿಲ್ಲ. ಇಂದಿನ ಮೊಬೈಲ್ ಆ್ಯಪ್‌ಗಳು ತೋರಿಸುವ ‘ಸೇಫ್ ಡೇ’ಗಳಿಗೂ ಇದೇ ಕೊರತೆಯಿದೆ. ಹಿಂದಿನ ತಿಂಗಳುಗಳಿಂದ ಅವು ಅಂದಾಜು ಕಟ್ಟಬಲ್ಲವು, ಈ ತಿಂಗಳು ಒಳಗೆ ಏನಾಗಿದೆಯೆಂದು ಕಾಣಲಾರವು.

ಗರ್ಭ ನಿಲ್ಲಲು ವೀರ್ಯ ಯೋನಿಗೆ ಸೇರಬೇಕು. ಮುತ್ತಿನಿಂದ, ಬಟ್ಟೆಯ ಮೇಲಿನ ಸ್ಪರ್ಶದಿಂದ, ಒಂದೇ ಟವೆಲ್ ಬಳಸಿದ್ದರಿಂದ, ಒಂದೇ ಶೌಚಾಲಯಕ್ಕೆ ಹೋದದ್ದರಿಂದ, ಕೆರೆ ಕಾಲುವೆಯಲ್ಲಿ ಮಿಂದದ್ದರಿಂದ ಗರ್ಭವಾಗದು. ಹದಿಹರೆಯದವರು ಇಂಥ ಸಂದೇಹಗಳಲ್ಲಿ ನಿದ್ದೆಗೆಡುವುದು ಸುಳ್ಳಲ್ಲ. ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ ಅಷ್ಟೇ. ಇನ್ನೊಂದು ಕಡೆ, ಜನ ಅಪಾಯವಿಲ್ಲವೆಂದುಕೊಂಡಿರುವ ಕಡೆ ಅಪಾಯವಿದೆ. ಮೊದಲ ಸಲ ಕೂಡಿದಾಗಲೂ ಗರ್ಭ ನಿಲ್ಲಬಹುದು. ಕೂಡಿದ ಮೇಲೆ ಮೂತ್ರ ಮಾಡುವುದು, ನೀರಿನಿಂದ ತೊಳೆದುಕೊಳ್ಳುವುದು, ಎದ್ದು ಓಡಾಡುವುದು ಇವು ಯಾವುವೂ ತಡೆಯಲ್ಲ. ವೀರ್ಯಾಣು ಅಷ್ಟರಲ್ಲಿ ಗರ್ಭಕಂಠ ದಾಟಿರುತ್ತದೆ. ವೀರ್ಯ ಯೋನಿದ್ವಾರದ ಬಳಿ ಚೆಲ್ಲಿದರೂ ಸಣ್ಣ ಸಂಭವವಿದ್ದೇ ಇದೆ. ಗಂಡಸು ಕೊನೆಗಳಿಗೆಯಲ್ಲಿ ಹಿಂತೆಗೆಯುವ ಕ್ರಮವನ್ನೇ ನಂಬಿದ ನೂರು ಜೋಡಿಗಳಲ್ಲಿ ವರ್ಷಕ್ಕೆ ಸುಮಾರು 20ರಲ್ಲಿ ಗರ್ಭವಾಗುತ್ತದೆ. ಕಾಂಡೋಮ್ ಬಳಸುವವರಲ್ಲಿ, ಮರೆವು ಹರಿವು ಎಲ್ಲ ಸೇರಿ, ಸುಮಾರು 13. ಪ್ರತಿಸಲವೂ ಸರಿಯಾಗಿ ಬಳಸಿದರೆ 2. ಕಾಪರ್-ಟಿ ಹಾಕಿಸಿಕೊಂಡವರಲ್ಲಿ ಒಂದಕ್ಕಿಂತ ಕಡಿಮೆ.

ತಡೆಯಿಲ್ಲದೆ ಕೂಡಿದ ಮರುದಿನ, ಅಥವಾ ಕಾಂಡೋಮ್ ಹರಿದ ದಿನ, ಪರೀಕ್ಷೆಯಿಂದ ಉಪಯೋಗವಿಲ್ಲ. ಆಗ ಬೇಕಾದದ್ದು ತುರ್ತು ಗರ್ಭನಿರೋಧಕ. ಲೆವೊನೊರ್‌ಜೆಸ್ಟ್ರಲ್ 1.5 ಮಿಲಿಗ್ರಾಂ ಇರುವ ಒಂದೇ ಮಾತ್ರೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ, ನುಂಗಬೇಕು. ಐ-ಪಿಲ್‌ನಂಥ ಹೆಸರುಗಳಲ್ಲಿ ಅದು ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಸರ್ಕಾರಿ ಪೂರೈಕೆಯ ಈಜಿ ಪಿಲ್ ಆಶಾ ಕಾರ್ಯಕರ್ತೆಯರ ಬಳಿ ಇರುತ್ತದೆ. ಈ ಮಾತ್ರೆ ಅಂಡಾಣುವಿನ ಬಿಡುಗಡೆಯನ್ನು ಮುಂದೂಡಿ ಕೆಲಸ ಮಾಡುತ್ತದೆ. ಅಂಡಾಣು ಆಗಲೇ ಹೊರಬಿದ್ದಿದ್ದರೆ ಫಲವಿಲ್ಲ. ನಿಂತ ಗರ್ಭವನ್ನು ಇದು ತೆಗೆಯುವುದೂ ಇಲ್ಲ, ಕೆಡಿಸುವುದೂ ಇಲ್ಲ. ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಳ್ಳುವುದು ಇದಕ್ಕಿಂತ ಬಹಳ ಹೆಚ್ಚು ಖಚಿತವಾದ ತುರ್ತು ಉಪಾಯ. ಇದನ್ನು ಬಲ್ಲವರು ಕಡಿಮೆ, ಕೇಳಿ ಬರುವವರು ಇನ್ನೂ ಕಡಿಮೆ. ಮಾತ್ರೆ ನುಂಗಿದ ತಿಂಗಳು ಮುಟ್ಟು ಕೆಲವು ದಿನ ಹಿಂದುಮುಂದಾಗುವುದು ಸಹಜ. ವಾರಕ್ಕಿಂತ ಹೆಚ್ಚು ತಡವಾದರೆ ಪರೀಕ್ಷೆ ಮಾಡಲೇಬೇಕು.

ಪರೀಕ್ಷೆ ಹುಡುಕುವುದು ಎಚ್‌ಸಿಜಿ ಎಂಬ ಒಂದೇ ಹಾರ್ಮೋನನ್ನು. ಫಲಗೊಂಡ ಅಂಡ ಗರ್ಭಕೋಶದ ಒಳಪದರಕ್ಕೆ ಕಚ್ಚಿಕೊಂಡ ಮೇಲಷ್ಟೇ ಅದು ತಾಯಿಯ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಇಳಿಯುತ್ತದೆ. ಕಚ್ಚಿಕೊಳ್ಳುವುದು ಅಂಡಾಣು ಬಿಡುಗಡೆಯಾದ 6ರಿಂದ 12 ದಿನದೊಳಗೆ; ಬಹುತೇಕರಲ್ಲಿ 8ರಿಂದ 10ನೇ ದಿನ. ಅಲ್ಲಿಂದ ಎರಡು ಮೂರು ದಿನಕ್ಕೊಮ್ಮೆ ಅದರ ಪ್ರಮಾಣ ಇಮ್ಮಡಿಯಾಗುತ್ತ ಹೋಗುತ್ತದೆ. ಅಂಗಡಿಯ ಸಾಮಾನ್ಯ ಕಿಟ್‌ಗಳು ಒಂದು ಮಿಲಿಲೀಟರ್ ಮೂತ್ರದಲ್ಲಿ ಸುಮಾರು 20ರಿಂದ 25 ಮಿಲಿ ಯೂನಿಟ್ ಎಚ್‌ಸಿಜಿ ಇದ್ದರೆ ಗುರುತಿಸುತ್ತವೆ. ಮೇಲಿನ ಉದಾಹರಣೆಯ ಹೆಂಗಸಿಗೆ ಗರ್ಭ ನಿಂತಿದ್ದರೂ ಜೂನ್ 25ರ ಪರೀಕ್ಷೆಯಲ್ಲಿ ಒಂದೇ ಗೆರೆ ಬರುತ್ತದೆ, ಏಕೆಂದರೆ ಅಂದಿಗೆ ಅಂಡ ಇನ್ನೂ ಕಚ್ಚಿಕೊಂಡಿರುವುದೇ ಅನುಮಾನ. ಜೂನ್ 29ರಂದು ಅದು ಕಚ್ಚಿಕೊಂಡಿದ್ದರೆ ಜುಲೈ 3ರ ಹೊತ್ತಿಗೆ ಮೂತ್ರದಲ್ಲಿ ಕಾಣುವಷ್ಟು ಹಾರ್ಮೋನ್ ಸೇರಿರುತ್ತದೆ. ಹಾಗಾಗಿ ಆಕೆಯ ಪರೀಕ್ಷೆಯ ದಿನ ಜುಲೈ 4. ಆವತ್ತು ಒಂದೇ ಗೆರೆ ಬಂದು, ಮುಟ್ಟೂ ಬರದಿದ್ದರೆ ವಾರ ಬಿಟ್ಟು ಇನ್ನೊಮ್ಮೆ.

ಮುಟ್ಟಿನ ದಿನ ನೆಚ್ಚಿಕೊಳ್ಳಲು ಬಾರದವರು ಬಹಳ ಮಂದಿ. ಪಿಸಿಒಡಿ, ಥೈರಾಯ್ಡ್ ಇರುವವರು, ಆಗತಾನೇ ಮುಟ್ಟು ಶುರುವಾದ ಹುಡುಗಿಯರು, ಮುಟ್ಟು ನಿಲ್ಲುವ ವಯಸ್ಸಿಗೆ ಹತ್ತಿರವಾದವರು, ಹಬ್ಬಕ್ಕೋ ಮದುವೆಗೋ ಹಾಸನಾಂಬೆಯ ದರ್ಶನಕ್ಕೋ ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಂಡವರು. ಇವರಿಗೆ ‘ಡೇಟ್ ದಾಟಿದ ಮರುದಿನ’ ಎಂಬ ಮಾತೇ ಕೂಡಿಬರದು. ಅವರ ಲೆಕ್ಕ ಕೊನೆಯ ಸಲ ತಡೆಯಿಲ್ಲದೆ ಕೂಡಿದ ದಿನದಿಂದ ಮುಂದಕ್ಕೆ 21 ದಿನ. ಐದು ದಿನ ವೀರ್ಯಾಣು ಕಾಯುವುದಕ್ಕೆ, ಹನ್ನೆರಡರವರೆಗೆ ಅಂಡ ಕಚ್ಚಿಕೊಳ್ಳುವುದಕ್ಕೆ, ಮಿಕ್ಕದ್ದು ಹಾರ್ಮೋನ್ ಏರುವುದಕ್ಕೆ. 21 ದಿನ ತುಂಬಿದ ಮೇಲೂ, ಸರಿಯಾಗಿ ಮಾಡಿದ ಪರೀಕ್ಷೆಯಲ್ಲಿ ಒಂದೇ ಗೆರೆ ಬಂದರೆ ಆ ಸಲ ಕೂಡಿದ್ದರಿಂದ ಗರ್ಭ ನಿಂತಿಲ್ಲವೆಂದು ನೆಮ್ಮದಿಯಾಗಿರಬಹುದು. ಮುಂದೂಡುವ ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಸಾಮಾನ್ಯವಾಗಿ ಮುಟ್ಟು ಬರುತ್ತದೆ. ವಾರವಾದರೂ ಬರದಿದ್ದರೆ ಪರೀಕ್ಷೆ ಬೇಕು.

ಲಕ್ಷಣ ನೋಡಿ ತೀರ್ಮಾನಿಸುವ ರೂಢಿ ಮನೆಗಳಲ್ಲಿ ಹಳೆಯದು. ವಾಕರಿಕೆ, ಹುಳಿ ಬಯಕೆ, ಮುಖದ ಕಳೆ, ನಾಡಿಯ ಬಡಿತ. ಆದರೆ ವಾಂತಿ ಸಂಕಟ ಶುರುವಾಗುವುದು ಸಾಮಾನ್ಯವಾಗಿ ಐದಾರನೇ ವಾರದ ಮೇಲೆ, ಎಂದರೆ ಕಿಟ್ ಉತ್ತರ ಹೇಳಬಲ್ಲ ದಿನ ಕಳೆದ ಮೇಲೆ. ಎದೆ ಭಾರ, ಸುಸ್ತು, ಕಿಬ್ಬೊಟ್ಟೆಯ ಸೆಳೆತ ಮುಟ್ಟು ಬರುವ ಮೊದಲೂ ಇರುತ್ತವೆ, ಗರ್ಭದಲ್ಲೂ ಇರುತ್ತವೆ. ಅಂಡ ಕಚ್ಚಿಕೊಳ್ಳುವ ದಿನಗಳಲ್ಲಿ ಕೆಲವರಿಗೆ ಒಂದೆರಡು ಹನಿ ರಕ್ತ ಕಾಣುವುದುಂಟು. ಅದನ್ನೇ ಮುಟ್ಟೆಂದು ತಿಳಿದು ದಿನ ಎಣಿಸಿದವರ ಬಸುರಿನ ಲೆಕ್ಕ ಹತ್ತಿರಹತ್ತಿರ ಒಂದು ತಿಂಗಳು ತಪ್ಪುತ್ತದೆ. ಎಂದಿಗಿಂತ ತೀರಾ ಕಡಿಮೆ ಹೋದ ಮುಟ್ಟೂ ಪರೀಕ್ಷೆಗೆ ಕಾರಣವೇ. ಉಪ್ಪು, ಸಕ್ಕರೆ, ಸೋಪು, ಟೂತ್‌ಪೇಸ್ಟಿಗೆ ಮೂತ್ರ ಬೆರೆಸಿ ನೊರೆ ನೋಡುವ ವಿಡಿಯೊಗಳಲ್ಲಿ ಎಳ್ಳಷ್ಟೂ ಹುರುಳಿಲ್ಲ.

ಒಂದು ಶತಮಾನದ ಹಿಂದೆ ಇದೇ ಉತ್ತರಕ್ಕೆ ಪ್ರಾಣಿ ಸಾಯಬೇಕಿತ್ತು. 1920ರ ದಶಕದ ಕೊನೆಗೆ ಬರ್ಲಿನ್ನಿನ ಆ್ಯಶೈಮ್ ಮತ್ತು ಜೊಂಡೆಕ್ ಎಂಬ ವೈದ್ಯರು ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಕೊಯ್ದು, ಅದರ ಅಂಡಾಶಯ ನೋಡಿ ಹೇಳುತ್ತಿದ್ದರು. ಆಮೇಲೆ ಆಫ್ರಿಕದ ಕಪ್ಪೆ ಬಂತು. ಮೂತ್ರ ಚುಚ್ಚಿದಾಗ ಅದು ಮೊಟ್ಟೆಯಿಟ್ಟರೆ ಗರ್ಭ. ಮನೆಯಲ್ಲೇ ಮಾಡಿಕೊಳ್ಳುವ ಕಿಟ್ 1970ರ ದಶಕದಲ್ಲಿ ಪಶ್ಚಿಮದ ಮಾರುಕಟ್ಟೆಗೆ ಬಂತು.

ಈಗ ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿನಲ್ಲೂ ಪ್ರೆಗಾ ನ್ಯೂಸ್, ಐ-ಕ್ಯಾನ್‌ನಂಥ ಕಿಟ್ ಚೀಟಿಯಿಲ್ಲದೆ ಸಿಗುತ್ತದೆ. ಅಂಗಡಿಯಲ್ಲಿ ಪರಿಚಯದವರು ಇರುತ್ತಾರೆಂಬ ಮುಜುಗರ ಸಣ್ಣದಲ್ಲ. ಎಷ್ಟೋ ಜನ ಆ ಒಂದು ಕಾರಣಕ್ಕೆ ವಾರಗಳನ್ನು ಕಳೆಯುತ್ತಾರೆ. ಅಂಥವರಿಗೆ ಊರಿನ ಆಶಾ ಕಾರ್ಯಕರ್ತೆಯ ಚೀಲದಲ್ಲೇ ‘ನಿಶ್ಚಯ್’ ಎಂಬ ಕಿಟ್ ಇದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಬರುವ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಉಪಕೇಂದ್ರದಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಸ್ಟರ್ ಪರೀಕ್ಷೆ ಮಾಡಿಕೊಡುತ್ತಾರೆ. ಬೆಲೆಯಲ್ಲಿ ವ್ಯತ್ಯಾಸವಿದ್ದರೂ ಎಲ್ಲ ಕಿಟ್‌ಗಳು ಕೆಲಸ ಮಾಡುವ ತತ್ತ್ವ ಒಂದೇ.

ಕಿಟ್ ಎಂದರೆ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ. ಒಂದು ತುದಿಯಲ್ಲಿ ಮೂತ್ರ ಹಾಕುವ ಗುಳಿ, ಅದರ ಪಕ್ಕ ‘ಎಸ್’ ಅಕ್ಷರ. ನಡುವೆ ಕಿಟಕಿ, ಅದರ ಬದಿಯಲ್ಲಿ ‘ಸಿ’ ಮತ್ತು ‘ಟಿ’. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರದಲ್ಲಿ ಹಾರ್ಮೋನ್ ಗಟ್ಟಿಯಾಗಿರುತ್ತದೆ, ಮೊದಮೊದಲ ದಿನಗಳಲ್ಲಿ ಅದೇ ಸರಿ. ತಂಬಿಗೆಗಟ್ಟಲೆ ನೀರು ಕುಡಿದು ಬಂದ ಮೂತ್ರ ತೆಳ್ಳಗಾಗಿ ಗೆರೆ ಕಾಣದೆ ಹೋಗಬಹುದು. ಸೋಪಿನ ಅಂಶವಿಲ್ಲದ ಒಣ ಲೋಟದಲ್ಲಿ ಮೂತ್ರ ಹಿಡಿದು, ಪೊಟ್ಟಣವನ್ನು ಆಗಲೇ ಒಡೆದು, ಪಟ್ಟಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಜೊತೆಗೆ ಬಂದ ಡ್ರಾಪರಿನಿಂದ ಪೊಟ್ಟಣದ ಮೇಲೆ ಹೇಳಿದಷ್ಟು ಹನಿ, ಸಾಮಾನ್ಯವಾಗಿ ಎರಡು ಮೂರು, ಗುಳಿಗೆ ಬಿಡಬೇಕು. ಕಿಟಕಿಯಲ್ಲಿ ನಸುಗೆಂಪು ತೇವ ನಿಧಾನವಾಗಿ ಹರಿದು ಹೋಗುವುದು ಕಾಣುತ್ತದೆ. ಆ ಬಣ್ಣ ಅತಿಸೂಕ್ಷ್ಮ ಚಿನ್ನದ ಕಣಗಳದ್ದು. ಎಚ್‌ಸಿಜಿ ಇದ್ದರೆ ಆ ಕಣಗಳು ಅದನ್ನು ಹಿಡಿದುಕೊಂಡು ಹೋಗಿ ‘ಟಿ’ ಬಳಿ ಸಿಕ್ಕಿಬಿದ್ದು ಗೆರೆಯಾಗುತ್ತವೆ. ‘ಸಿ’ ಬಳಿಯ ಗೆರೆ ಗರ್ಭವಿದ್ದರೂ ಇಲ್ಲದಿದ್ದರೂ ಬರಬೇಕು. ಅದು ಕಿಟ್ ಸರಿಯಿದೆಯೆಂಬುದಕ್ಕೆ ಸಾಕ್ಷಿ. ಅದೇ ಬರಲಿಲ್ಲವೆಂದರೆ ಕಿಟ್ ಕೆಟ್ಟಿದೆ, ಹೊಸದು ತರಬೇಕು.

ಉತ್ತರ ನೋಡಬೇಕಾದದ್ದು ಐದು ನಿಮಿಷಕ್ಕೆ. ಎರಡು ಗೆರೆ ಬಂದರೆ ಗರ್ಭ. ‘ಟಿ’ ಗೆರೆ ಮಸುಕಾಗಿದ್ದರೂ, ಬಣ್ಣವಿದ್ದರೆ, ಅದು ಗರ್ಭವೇ. ಮಸುಕು ಗೆರೆಯನ್ನು ಅರ್ಧ ಉತ್ತರವೆಂದು ತಿಳಿಯುವುದು ಬಹಳ ಜನ ಮಾಡುವ ತಪ್ಪು. ಎರಡು ದಿನ ಬಿಟ್ಟು ಇನ್ನೊಂದು ಕಿಟ್‌ನಲ್ಲಿ ನೋಡಿದರೆ ಸಾಮಾನ್ಯವಾಗಿ ಅದು ಗಾಢವಾಗಿರುತ್ತದೆ. ಆದರೆ ಬಚ್ಚಲುಮನೆಯ ಮೂಲೆಯಲ್ಲಿ ಬಿಟ್ಟುಹೋದ ಪಟ್ಟಿಯನ್ನು ಮಧ್ಯಾಹ್ನ ಬಂದು ನೋಡಿದಾಗ ಕಾಣುವ ಬೂದುಗೆರೆ ಲೆಕ್ಕಕ್ಕಿಲ್ಲ. ಮೂತ್ರ ಒಣಗಿದಾಗ ಹಾಗೊಂದು ಗುರುತು ಮೂಡುತ್ತದೆ. ಎಕ್ಸ್‌ಪೈರಿ ದಾಟಿದ, ಬಿಸಿಲಲ್ಲಿ ಬೆಂದ ಕಿಟ್ ಬೇಡ. ಸುಳ್ಳು ಎರಡು ಗೆರೆ ಅಪರೂಪ: ಮಕ್ಕಳಾಗಲು ಎಚ್‌ಸಿಜಿ ಇಂಜೆಕ್ಷನ್ ತೆಗೆದುಕೊಂಡವರಲ್ಲಿ, ಇತ್ತೀಚೆಗೆ ಗರ್ಭಪಾತ ಅಥವಾ ಹೆರಿಗೆ ಆದವರಲ್ಲಿ ಹಾಗಾಗಬಹುದು. ಸುಳ್ಳು ಒಂದು ಗೆರೆಗೆ ಹೆಚ್ಚಿನ ಸಲ ಕಾರಣ ಒಂದೇ, ಅವಸರ. ಸಂದೇಹ ಉಳಿದರೆ ರಕ್ತದಲ್ಲಿ ಎಚ್‌ಸಿಜಿ ಪ್ರಮಾಣ ಅಳೆಯುವ ಪರೀಕ್ಷೆ ಇದೆ.

ಎರಡು ಬಗೆಯ ಹೆಂಗಸರಿಗೆ ಗರ್ಭದ ಯೋಚನೆಯೇ ಬರುವುದಿಲ್ಲ, ಅವರ ಬಗ್ಗೆ ಇಲ್ಲಿ ಕೊಂಚ ನಿಲ್ಲಬೇಕು. ಒಬ್ಬಳು ತವರಿನಲ್ಲಿ ಬಾಣಂತನ ಮುಗಿಸಿ ಮಗುವಿನೊಂದಿಗೆ ಗಂಡನ ಮನೆಗೆ ಬಂದವಳು. ಹೆರಿಗೆಯಾದ ಮೇಲೆ ಇನ್ನೂ ಮುಟ್ಟಾಗಿಲ್ಲ, ಮಗು ಹಾಲು ಕುಡಿಯುತ್ತಿದೆ, ಆದ್ದರಿಂದ ಭಯವಿಲ್ಲ ಎಂಬ ನಂಬಿಕೆ. ಅದು ನಿಜವಾಗಬೇಕಾದರೆ ಮೂರೂ ಷರತ್ತು ಕೂಡಿರಬೇಕು: ಮಗುವಿಗೆ ಆರು ತಿಂಗಳು ತುಂಬಿರಬಾರದು, ತಾಯಿಗೆ ಮುಟ್ಟು ಬಂದಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಬಾರದು. ರಾಗಿ ಸರಿ ಶುರುವಾಯಿತೆಂದರೆ, ಬಾಟಲಿ ಹಾಲು ಸೇರಿತೆಂದರೆ ಆ ರಕ್ಷಣೆ ಸಡಿಲವಾಯಿತು. ಹೆರಿಗೆಯ ನಂತರದ ಮೊದಲ ಅಂಡಾಣು ಮೊದಲ ಮುಟ್ಟಿಗೆ ಮುಂಚೆಯೇ ಹೊರಬರಬಹುದು. ಎಂದರೆ ಮುಟ್ಟು ಕಾಣದೆಯೇ ಮತ್ತೆ ಬಸುರಾಗಬಹುದು.

ಇನ್ನೊಬ್ಬಳು ‘ಆಪರೇಷನ್’ ಆದವಳು. ಕರ್ನಾಟಕದಲ್ಲಿ ಗರ್ಭತಡೆಯೆಂದರೆ ಬಹುಪಾಲು ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆಯೇ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನೇ ಮಾಡಿಸಿಕೊಂಡಿದ್ದರು. ಅದು ಬಹಳ ಭದ್ರವಾದ ಕ್ರಮ, ಆದರೆ ನೂರಕ್ಕೆ ನೂರಲ್ಲ. ಸಾವಿರದಲ್ಲಿ ಕೆಲವರಿಗೆ, ವರ್ಷಗಳು ಕಳೆದ ಮೇಲೂ, ಗರ್ಭ ನಿಲ್ಲುವುದುಂಟು. ಹಾಗೆ ನಿಂತ ಗರ್ಭ ಗರ್ಭನಾಳದಲ್ಲೇ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಹಾಗಾಗಿ ಆಪರೇಷನ್ ಆದವಳಿಗೆ ಮುಟ್ಟು ತಪ್ಪಿದರೆ, ‘ವಯಸ್ಸಾಯಿತು, ನಿಲ್ಲುತ್ತಿರಬೇಕು’ ಎಂದುಕೊಳ್ಳುವ ಮೊದಲು ಒಂದು ಕಿಟ್ ನೋಡುವುದು ಜಾಣತನ. ಎರಡು ಗೆರೆ ಬಂದು, ಕಿಬ್ಬೊಟ್ಟೆಯ ಒಂದೇ ಪಕ್ಕ ನೋವು, ಹೆಗಲ ತುದಿಯಲ್ಲಿ ನೋವು, ಕಣ್ಣು ಕತ್ತಲೆ, ರಕ್ತಸ್ರಾವ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು. ಗರ್ಭನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಹರಿದು ಜೀವ ಹೋಗಬಹುದು. 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೋ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ‘ಹಿಮ್ಸ್’ಗೋ ಆ ಹೊತ್ತಿಗೇ ಹೊರಡಬೇಕು. ಆಪರೇಷನ್ ಆಗದವರಿಗೂ ಇದೇ ಮಾತು.

ಬೇಕೆಂದು ನಿಂತ ಗರ್ಭವಾದರೆ ಬೇಗ ತಿಳಿಯುವುದರಿಂದ ದೊಡ್ಡ ಲಾಭವಿದೆ. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುವುದು ಕೊನೆಯ ಮುಟ್ಟಿನಿಂದ ಸುಮಾರು ಆರನೇ ವಾರದೊಳಗೆ. ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಫೋಲಿಕ್ ಆಮ್ಲದ 400 ಮೈಕ್ರೊಗ್ರಾಂ ಮಾತ್ರೆ ನೆರವಾಗುವುದು ಆ ಸಮಯದಲ್ಲೇ. ಮಗು ಬೇಕೆನ್ನುವವರು ಅದಕ್ಕೂ ಮೊದಲೇ ಶುರುಮಾಡುವುದು ಲೇಸು. ಈ ಸೀಮೆಯಲ್ಲಿ ಇನ್ನೊಂದು ಕಾರಣವೂ ಇದೆ. ಅರಕಲಗೂಡು, ರಾಮನಾಥಪುರದ ಕಡೆ ಹಸಿ ಹೊಗೆಸೊಪ್ಪನ್ನು ಮುರಿದು, ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸುವ ಕೆಲಸದಲ್ಲಿ ಹೆಂಗಸರ ಕೈಯೇ ಮುಂದು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ತಲೆಸುತ್ತು ವಾಂತಿ ಬರುವುದು ಅದರಿಂದಲೇ, ಅದನ್ನು ಬಸುರಿನ ಸಂಕಟವೆಂದು ತಪ್ಪು ತಿಳಿಯಲೂಬಹುದು. ಹಾಸನದ ಆಲೂಗಡ್ಡೆ ಹೊಲಗಳಲ್ಲಿ ಅಂಗಮಾರಿಗೆ ಹೊಡೆಯುವ ಔಷಧದ ಮಂಜೂ ಹಾಗೆಯೇ. ಬಸುರಿ ಈ ಎರಡು ಕೆಲಸಗಳಿಂದ ದೂರವಿರಬೇಕು. ದೂರವಿರಬೇಕಾದರೆ ತಾನು ಬಸುರಿಯೆಂದು ಅವಳಿಗೆ ಮೊದಲು ಗೊತ್ತಾಗಬೇಕು.

ಎರಡು ಗೆರೆ ಬಂದ ವಾರದಲ್ಲೇ ಆಶಾ ಅಥವಾ ಸಿಸ್ಟರ್ ಬಳಿ ಹೆಸರು ಬರೆಸಿದರೆ ತಾಯಿ ಕಾರ್ಡ್ ಸಿಗುತ್ತದೆ. 12 ವಾರದೊಳಗೆ ನೋಂದಣಿ ಆಗಬೇಕೆಂಬುದು ನಿಯಮ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಬಿಪಿ, ಎಚ್‌ಐವಿ ಪರೀಕ್ಷೆಗಳು ಅಲ್ಲಿಂದ ಶುರು. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ನಡೆಯುತ್ತದೆ. ಬಸುರಿನ ವಾರಗಳನ್ನು ಎಣಿಸುವುದು ಕೂಡಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ತಪ್ಪಿದ ದಿನವೇ ನಾಲ್ಕು ವಾರ ತುಂಬಿರುತ್ತದೆ. ಇದು ಗೊತ್ತಿಲ್ಲದೆ ‘ನಾನು ಊರಲ್ಲಿ ಇರಲೇ ಇಲ್ಲ, ನಾಲ್ಕು ವಾರ ಹೇಗಾಯಿತು?’ ಎಂದು ಗಂಡಂದಿರು ಅನುಮಾನಪಟ್ಟು, ಸುಮ್ಮನಿದ್ದ ಹೆಣ್ಣಿನ ಮೇಲೆ ಕಳಂಕ ಹೊರಿಸಬಾರದು.

ಬೇಡದ ಗರ್ಭವಾದರೆ ಪರಂಗಿ ಹಣ್ಣು, ಎಳ್ಳು, ಕಷಾಯಗಳನ್ನು ನಂಬಿ ದಿನ ಕಳೆಯುವುದಕ್ಕಿಂತ ಕಾನೂನು ಕೊಟ್ಟಿರುವ ದಾರಿ ಹಿಡಿಯುವುದು ಕ್ಷೇಮ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿದೆ. ಕಾಯ್ದೆ ಒಪ್ಪುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಗರ್ಭತಡೆ ವಿಫಲವಾದದ್ದೂ ಅಂಥ ಕಾರಣಗಳಲ್ಲೊಂದು. 20ರಿಂದ 24 ವಾರದವರೆಗೆ ಕೆಲವು ವರ್ಗದ ಹೆಂಗಸರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶವಿದೆ. ಮದುವೆಯಾಗದವರನ್ನು ಅದರಿಂದ ಹೊರಗಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು. ವಯಸ್ಕ ಹೆಂಗಸಿಗೆ ಬೇಕಾದದ್ದು ಅವಳ ಒಪ್ಪಿಗೆ ಮಾತ್ರ, ಗಂಡನ ಸಹಿಯಲ್ಲ. ಅವಳ ಹೆಸರು ವಿವರ ಬಯಲು ಮಾಡಿದ ವೈದ್ಯರಿಗೆ ಶಿಕ್ಷೆಯುಂಟು. 18 ತುಂಬದ ಹುಡುಗಿಯಾದರೆ ಪೋಷಕರ ಒಪ್ಪಿಗೆ ಬೇಕು, ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ಮಾಹಿತಿ ಹೋಗಬೇಕು. ಆದರೆ ಹುಡುಗಿ ಮತ್ತು ಪೋಷಕರು ಕೋರಿದರೆ ಅದರಲ್ಲಿ ಅವಳ ಗುರುತು ಹೇಳಬೇಕಿಲ್ಲವೆಂದು ಅದೇ ತೀರ್ಪು ಸ್ಪಷ್ಟಪಡಿಸಿದೆ.

ಮಾತ್ರೆಯಿಂದ ಗರ್ಭ ತೆಗೆಯಲು 9 ವಾರದವರೆಗೆ ಅವಕಾಶ, ಅದೂ ವೈದ್ಯರ ಮೂಲಕ. ಭಾರತದಲ್ಲಿ 2015ರಲ್ಲಿ ಆದ ಗರ್ಭಪಾತಗಳು 1 ಕೋಟಿ 56 ಲಕ್ಷವೆಂದೂ, ಅವುಗಳಲ್ಲಿ ನೂರಕ್ಕೆ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆ ನುಂಗಿ ಆದವೆಂದೂ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಅಧ್ಯಯನವೊಂದು ಅಂದಾಜಿಸಿದೆ. ಮಾತ್ರೆ ಸುರಕ್ಷಿತವೇ, ಅಪಾಯವಿರುವುದು ವಾರ ತಪ್ಪಾಗಿ ಎಣಿಸಿದಾಗ, ಗರ್ಭ ನಾಳದಲ್ಲಿದ್ದಾಗ, ರಕ್ತ ತೀರಾ ಕಡಿಮೆಯಿದ್ದಾಗ. ಇವು ಮೂರೂ ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ ಗೊತ್ತಾಗುವಂಥವಲ್ಲ. ಗರ್ಭಪಾತವಾದ ಮೇಲೆ ಎಚ್‌ಸಿಜಿ ಪೂರ್ತಿ ಇಳಿಯಲು ನಾಲ್ಕಾರು ವಾರ ಹಿಡಿಯುವುದರಿಂದ ಅಷ್ಟು ದಿನ ಕಿಟ್ ಎರಡು ಗೆರೆಯನ್ನೇ ತೋರಿಸುತ್ತಿರಬಹುದು. ಗರ್ಭ ಪೂರ್ತಿ ಹೋಗಿದೆಯೇ ಎಂಬುದನ್ನು ವೈದ್ಯರ ಮರುತಪಾಸಣೆಯಲ್ಲೇ ತಿಳಿಯಬೇಕು. ಅಂಡಾಣು ಮಾತ್ರ ಅಷ್ಟು ಕಾಯದೆ, ಎರಡು ಮೂರು ವಾರದಲ್ಲೇ ಮತ್ತೆ ಹೊರಬರಬಹುದು. ಅದಕ್ಕಾಗಿ ನಿರೋಧ್, ಮಾಲಾ-ಎನ್, ವಾರದ ಲೆಕ್ಕದ ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್, ಐದು ಅಥವಾ ಹತ್ತು ವರ್ಷದ ಕಾಪರ್-ಟಿ ಇವುಗಳಲ್ಲಿ ತನಗೆ ಹೊಂದುವುದನ್ನು ಆ ಭೇಟಿಯಲ್ಲೇ ಕೇಳಿ ಪಡೆಯಬಹುದು; ಸರ್ಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತ.